ವಾರಕ್ಕೊಂದು ಸಂಜೆಯನ್ನು ಊರಿಗೆ ಬಿಟ್ಟುಕೊಡಿ: ಗ್ರಂಥಾಲಯ ಇಲಾಖೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ನಿರ್ದೇಶಕರು, ಸಾರ್ವಜನಿಕ ಗ್ರಂಥಾಲಯ ಇಲಾಖೆ, ಬೆಂಗಳೂರು
ಹಾಗೂ ರಾಜ್ಯದ ಎಲ್ಲ ನಗರ, ಜಿಲ್ಲಾ ಗ್ರಂಥಾಲಯ ಪ್ರಾಧಿಕಾರಗಳ ಅಧ್ಯಕ್ಷರು ಮತ್ತು ಸದಸ್ಯರು

ಮಾನ್ಯರೇ,

ಮನೆ ಕಂದಾಯ ಕಟ್ಟಿದ ರಸೀದಿಯನ್ನು ನಮ್ಮಲ್ಲಿ ಹೆಚ್ಚಿನವರು ಓದದೆಯೇ ಮಡಚಿ ಕಾಗದಪತ್ರಗಳ ನಡುವೆ ಸೇರಿಸಿಬಿಡುತ್ತಾರೆ. ಅದರಲ್ಲಿ ಆರೋಗ್ಯ ಕರ, ಭಿಕ್ಷುಕರ ಕರಗಳ ಜೊತೆಗೆ ಗ್ರಂಥಾಲಯ ಕರ ಎಂಬ ಒಂದು ಸಾಲಿದೆ. ಆಸ್ತಿ ತೆರಿಗೆಯ ಪ್ರತಿ ನೂರು ರೂಪಾಯಿಗೆ ಆರು ರೂಪಾಯಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಹಾಕಿಕೊಟ್ಟ ದಾರಿಯಲ್ಲಿ ಈ ರಾಜ್ಯದ ಮನೆಯವರು, ಅಂಗಡಿಯವರು, ಬಾಡಿಗೆಯ ಮೂಲಕ ಬಾಡಿಗೆದಾರರು ಕೂಡ ಗ್ರಂಥಾಲಯಗಳನ್ನು ಸಾಕುತ್ತ ಬಂದಿದ್ದಾರೆ. ದೇಶದ ಹಲವು ರಾಜ್ಯಗಳಲ್ಲಿ ಇಂಥ ಕರವೇ ಇಲ್ಲ. ನಮ್ಮಲ್ಲಿದೆ ಎಂಬುದು ನನಗೆ ಹೆಮ್ಮೆಯ ವಿಷಯ. ಆ ಒಂದು ಸಾಲಿನ ಬಲದಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಜಿಲ್ಲಾ ಕೇಂದ್ರವೊಂದರಲ್ಲಿ ನನ್ನ ವಾಸ. ನನ್ನ ಕೋರಿಕೆ ಒಂದೇ. ನಗರ, ಪಟ್ಟಣಗಳ ಪ್ರತಿಯೊಂದು ಶಾಖಾ ಗ್ರಂಥಾಲಯದಲ್ಲೂ ವಾರಕ್ಕೆ ಒಂದು ಸಂಜೆ ಊರಿನವರಿಗಾಗಿ ಉಚಿತ ಕಾರ್ಯಕ್ರಮ ನಡೆಯಲಿ. ಅದನ್ನು ನಡೆಸುವ ಅಧಿಕಾರವನ್ನೂ ಅದಕ್ಕೆ ಬೇಕಾದ ಸಣ್ಣ ಮೊತ್ತವನ್ನೂ ಆ ಶಾಖೆಯ ಗ್ರಂಥಪಾಲಕರ ಕೈಗೇ ಕೊಡಿ. ಪ್ರತಿ ಸಲ ಮೇಲಿನಿಂದ ಅಪ್ಪಣೆ ಬರುವವರೆಗೆ ಅವರು ಕಾಯುವಂತಾಗಬಾರದು.

ಇದು ಆಗದ ಕೆಲಸವೇನಲ್ಲ, ಏಕೆಂದರೆ ನಮ್ಮ ಹಳ್ಳಿಗಳಲ್ಲಿ ಇದು ಆಗಲೇ ನಡೆಯುತ್ತಿದೆ. 2019ರಲ್ಲಿ ಗ್ರಾಮ ಪಂಚಾಯಿತಿ ಮಟ್ಟದ 5,600ಕ್ಕೂ ಹೆಚ್ಚು ಗ್ರಂಥಾಲಯಗಳು ನಿಮ್ಮ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ಮರುವರ್ಷವೇ ಕೊರೋನಾದಿಂದ ಶಾಲೆಗಳು ಮುಚ್ಚಿದ್ದಾಗ, ನವೆಂಬರ್‌ನಲ್ಲಿ, ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಶುರುವಾಯಿತು. ಮಕ್ಕಳಿಗೆ ಉಚಿತವಾಗಿ ಸದಸ್ಯತ್ವ ಕೊಟ್ಟು, ಪುಸ್ತಕ ಕೈಗಿತ್ತು, ಗ್ರಂಥಾಲಯಕ್ಕೆ ಕರೆಸಿಕೊಂಡರು. ಇವತ್ತು ಅವುಗಳ ಫಲಕದ ಮೇಲೆ ಗ್ರಂಥಾಲಯದ ಜೊತೆಗೆ ‘ಅರಿವು ಕೇಂದ್ರ’ ಎಂದೂ ಬರೆದಿರುತ್ತದೆ.

ಕಳೆದ ಬೇಸಿಗೆಯಲ್ಲಿ ತವರೂರಿಗೆ ಹೋಗಿದ್ದಾಗ ಅಂಥದ್ದೊಂದು ಕೇಂದ್ರದಲ್ಲಿ ಕುಳಿತಿದ್ದೆ. ಪಂಚಾಯಿತಿ ಕಚೇರಿಗೆ ಅಂಟಿಕೊಂಡ ಒಂದೇ ಕೋಣೆ. ಗೋಡೆಯ ಮೇಲೆ ಮೇಲ್ವಿಚಾರಕಿಯೇ ಬರೆದ ವರ್ಣಮಾಲೆಯ ಚಿತ್ರಗಳು. ನೆಲಕ್ಕೆ ಹಾಸಿದ ಜಮಖಾನೆಯ ಮೇಲೆ ಸುಮಾರು ಆರನೆಯ ತರಗತಿಯ ಹುಡುಗಿಯೊಬ್ಬಳು ಚಿಕ್ಕವರನ್ನು ಸುತ್ತ ಕೂರಿಸಿಕೊಂಡು ಗಟ್ಟಿಯಾಗಿ ಕಥೆ ಓದುತ್ತಿದ್ದಳು. ಚಿತ್ರ ಎಲ್ಲರಿಗೂ ಕಾಣಲೆಂದು ಪುಸ್ತಕವನ್ನು ಅವರ ಕಡೆಗೆ ತಿರುಗಿಸಿ ಹಿಡಿದು, ತಾನು ಮಾತ್ರ ಕತ್ತು ವಾರೆ ಮಾಡಿ ಅಕ್ಷರಗಳನ್ನು ಹುಡುಕುತ್ತಿದ್ದಳು. ಮೂಲೆಯಲ್ಲಿ ಚದುರಂಗ ನಡೆದಿತ್ತು. ಹುಡುಗನೊಬ್ಬ ಆನೆಯನ್ನು ಓರೆಯಾಗಿ ನಡೆಸಿಬಿಟ್ಟ. ಎದುರಿಗಿದ್ದ ಹುಡುಗಿ, ವಯಸ್ಸಿನಲ್ಲಿ ಅವನಿಗಿಂತ ಚಿಕ್ಕವಳು, ಅವನ ಕೈಯನ್ನು ಹಿಡಿದು ಆನೆಯನ್ನು ಹಿಂದಿನ ಮನೆಗೆ ಇಡಿಸಿ “ಇದು ನೆಟ್ಟಗೇ ಹೋಗಬೇಕು” ಎಂದಳು. ಅಷ್ಟರಲ್ಲಿ ವಯಸ್ಸಾದವರೊಬ್ಬರು ಬಂದು, ಮೊಬೈಲಿಗೆ ಬಂದಿದ್ದ ಸಂದೇಶವನ್ನು ಓದಿ ಹೇಳಮ್ಮ ಎಂದು ಮೇಲ್ವಿಚಾರಕಿಯ ಮುಂದೆ ಹಿಡಿದರು. ವೃದ್ಧಾಪ್ಯ ವೇತನದ ವಿಷಯವಿರಬಹುದೆಂದು ಅವರ ಎಣಿಕೆ. ಆಕೆ ಓದಿ, ಇದು ವೇತನದ್ದಲ್ಲ, ಸಾಲ ಕೊಡುತ್ತೇವೆಂದು ಮೋಸ ಮಾಡುವವರದ್ದು, ಒತ್ತಬೇಡಿ ಅಜ್ಜ ಎಂದು ಅಳಿಸಿಕೊಟ್ಟಳು.

ಒಂದು ಕೋಣೆ, ಒಬ್ಬ ಮೇಲ್ವಿಚಾರಕಿ, ಒಂದು ಜಮಖಾನೆ. ಮಕ್ಕಳಿಗೆ ಓದು, ಆಟ, ಹಿರಿಯರಿಗೆ ನೆರವು ಎಲ್ಲವೂ ಅಲ್ಲಿತ್ತು. ಎಲ್ಲ ಅರಿವು ಕೇಂದ್ರಗಳೂ ಹೀಗಿವೆ ಎಂದು ನಾನು ಹೇಳುತ್ತಿಲ್ಲ. ಬೀಗ ಹಾಕಿರುವ ಕೇಂದ್ರಗಳನ್ನೂ ಕಂಡಿದ್ದೇನೆ. ಕನಿಷ್ಠ ವೇತನಕ್ಕಾಗಿ ಆ ಮೇಲ್ವಿಚಾರಕರು ವರ್ಷಗಟ್ಟಲೆ ಹೋರಾಡಬೇಕಾಯಿತು ಎಂಬುದೂ ಗೊತ್ತು. ಆದರೂ ಗ್ರಂಥಾಲಯವೆಂದರೆ ಜನ ಸೇರುವ ಜಾಗ ಎಂಬ ತಿಳಿವಳಿಕೆ ಅಲ್ಲಿ ಬೇರುಬಿಟ್ಟಿದೆ.

ಈಗ ನಮ್ಮ ಪಟ್ಟಣದ ಶಾಖೆಗೆ ಬನ್ನಿ. ಕಟ್ಟಡ ಹಳ್ಳಿಯದಕ್ಕಿಂತ ದೊಡ್ಡದು, ಪುಸ್ತಕಗಳು ಎಷ್ಟೋ ಪಾಲು ಹೆಚ್ಚು. ಬೆಳಿಗ್ಗೆ ದಿನಪತ್ರಿಕೆಯ ಮೇಜಿನ ಸುತ್ತ ನಿವೃತ್ತ ಗಂಡಸರು. ಒಳಗಿನ ಕೋಣೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು. ಗಾಜಿನ ಬೀರುಗಳಿಗೆ ಬೀಗ. ಮಕ್ಕಳ ವಿಭಾಗ ಎಂಬ ಫಲಕವಿದೆ, ಅದರ ಕೆಳಗೆ ಹಳೆಯ ಪತ್ರಿಕೆಗಳ ಕಟ್ಟುಗಳಿವೆ. ಗೃಹಿಣಿಯರಾಗಲಿ ಮಕ್ಕಳಾಗಲಿ ಅಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ತೀರಾ ಅಪರೂಪ.

ಶನಿವಾರ ಸಂಜೆ ಮಕ್ಕಳಿಗೆ ಕಥೆ ಓದಿ ಹೇಳುತ್ತೇನೆ, ಸಂಭಾವನೆ ಏನೂ ಬೇಡ ಎಂದು ಅಲ್ಲಿಯ ಗ್ರಂಥಪಾಲಕರನ್ನು ಕೇಳಿಕೊಂಡೆ. ಅವರು ಸಜ್ಜನರು, ಪುಸ್ತಕಪ್ರೇಮಿ. “ನನಗೂ ಆಸೆ ಇದೆ ಮೇಡಂ, ಆದರೆ ನಾನಾಗಿಯೇ ಒಪ್ಪಿಕೊಳ್ಳುವ ಹಾಗಿಲ್ಲ. ಮೇಲಿನಿಂದ ಆದೇಶ ಬರಬೇಕು” ಎಂದರು. ಅರ್ಜಿ ಬರೆದುಕೊಟ್ಟೆ. ಅದು ಮೇಲಕ್ಕೆ ಹೋಯಿತು. ಉತ್ತರ ಬರಲಿಲ್ಲ. ಇದರಲ್ಲಿ ಯಾರೋ ಒಬ್ಬ ಅಧಿಕಾರಿಯ ತಪ್ಪಿದೆ ಎಂದು ನನಗನಿಸುವುದಿಲ್ಲ. ಪುಸ್ತಕ ಕಳೆದರೆ ಗ್ರಂಥಪಾಲಕ ಹೊಣೆ, ಕುರ್ಚಿ ಮುರಿದರೆ ಗ್ರಂಥಪಾಲಕ ಹೊಣೆ, ಆದರೆ ಹತ್ತು ಮಕ್ಕಳನ್ನು ಕೂರಿಸಿ ಕಥೆ ಹೇಳಿಸುವ ಅಧಿಕಾರ ಮಾತ್ರ ಅವರಿಗಿಲ್ಲ. ಹೀಗಿರುವಾಗ ಯಾರು ತಾನೇ ಮುಂದೆ ಬಂದಾರು?

ಕಾರ್ಯಕ್ರಮಗಳು ನಡೆಯುವುದೇ ಇಲ್ಲ ಎಂದಲ್ಲ. ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ ಬರುತ್ತದೆ. ವೇದಿಕೆ, ದೀಪ, ಶಾಲು, ಹಾರ, ಪುಸ್ತಕ ಪ್ರದರ್ಶನ, ಶಾಲಾ ಮಕ್ಕಳಿಗೆ ಪ್ರಬಂಧ ಸ್ಪರ್ಧೆ ಎಲ್ಲವೂ ಆಗುತ್ತದೆ. ಸಪ್ತಾಹ ಬೇಡವೆನ್ನುತ್ತಿಲ್ಲ. ಅಂದು ಬಹುಮಾನ ಪಡೆದ ಹುಡುಗಿ ಡಿಸೆಂಬರ್‌ನಲ್ಲಿ ಮತ್ತೆ ಬಂದರೆ ಅವಳಿಗೆ ಅಲ್ಲಿ ಏನಿದೆ ಎಂದು ಕೇಳುತ್ತಿದ್ದೇನೆ. ಓದಿನ ರುಚಿ ಹತ್ತುವುದು ವಾರ ವಾರವೂ ಅದೇ ಹೊತ್ತಿಗೆ, ಅದೇ ಜಾಗಕ್ಕೆ ಬಂದು ಕೂತಾಗ. ವರ್ಷಕ್ಕೊಮ್ಮೆ ಸಮಾರಂಭಕ್ಕೆ ಬಂದು ಹೋದವರಿಗೆ ಅದು ಹತ್ತುವುದಿಲ್ಲ.

ಗ್ರಂಥಾಲಯದ ಕೆಲಸ ಪುಸ್ತಕ ಕೊಡುವುದು, ಕಾರ್ಯಕ್ರಮ ಮಾಡುವುದಲ್ಲ ಎಂಬ ಮಾತನ್ನು ಹಲವರಿಂದ ಕೇಳಿದ್ದೇನೆ. ಹಾಗೆನ್ನುವವರು ಎಸ್.ಆರ್. ರಂಗನಾಥನ್ ಅವರನ್ನು ನೆನೆಯಬೇಕು. ಪ್ರತಿ ಆಗಸ್ಟ್ 12ರಂದು, ಅವರ ಜನ್ಮದಿನದ ನೆಪದಲ್ಲಿ, ನೀವೆಲ್ಲ ಗ್ರಂಥಪಾಲಕರ ದಿನ ಆಚರಿಸುತ್ತೀರಿ. ಗಣಿತದ ಮೇಷ್ಟರಾಗಿದ್ದ ಅವರು ಗ್ರಂಥಾಲಯಶಾಸ್ತ್ರಕ್ಕೆ ಐದು ಸೂತ್ರ ಕೊಟ್ಟರು. ಮೊದಲನೆಯದು, ಪುಸ್ತಕಗಳಿರುವುದು ಬಳಕೆಗೆ. ಐದನೆಯದು, ಗ್ರಂಥಾಲಯ ಬೆಳೆಯುವ ಜೀವಿ. 1931ರಲ್ಲಿ ತಮಿಳುನಾಡಿನ ಮನ್ನಾರ್ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕಗಳನ್ನು ಹೇರಿ ಹಳ್ಳಿ ಹಳ್ಳಿಗೆ ಒಯ್ದ ಸಂಚಾರಿ ಗ್ರಂಥಾಲಯ ಹೊರಟಾಗ ಅದರ ಹಿಂದೆ ಅವರ ಪ್ರೇರಣೆ ಇತ್ತು. ಅವರ ಕೊನೆಯ ವರ್ಷಗಳು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. 1962ರಲ್ಲಿ ಇಲ್ಲಿ ಅವರು ಕಟ್ಟಿದ ಸಂಶೋಧನಾ ಹಾಗೂ ತರಬೇತಿ ಕೇಂದ್ರ ಇಂದಿಗೂ ಇದೆ.

ಅವರ ದುಡಿಮೆಯ ಫಲವಾಗಿ ಬಂದ 1948ರ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಸ್ವತಂತ್ರ ಭಾರತದಲ್ಲಿ ಈ ಬಗೆಯ ಮೊದಲ ಕಾಯ್ದೆ. ಸ್ಥಳೀಯ ಗ್ರಂಥಾಲಯ ಪ್ರಾಧಿಕಾರ ಏನೇನು ಮಾಡಬಹುದು ಎಂದು ಹೇಳುವಾಗ ಅದು ಪುಸ್ತಕ, ಪತ್ರಿಕೆಗಳಿಗೇ ನಿಲ್ಲುವುದಿಲ್ಲ. ಉಪನ್ಯಾಸಗಳನ್ನು ಏರ್ಪಡಿಸಬಹುದು, ತರಗತಿಗಳನ್ನು ನಡೆಸಬಹುದು ಎಂದೂ ಹೇಳುತ್ತದೆ. ಗ್ರಂಥಾಲಯದಲ್ಲಿ ಇಡಬಹುದಾದ ವಸ್ತುಗಳ ಪಟ್ಟಿಯಲ್ಲಿ ಸಿನಿಮಾ ರೀಲುಗಳೂ ಇವೆ. ಆಗ ಬಳ್ಳಾರಿಯೂ ದಕ್ಷಿಣ ಕನ್ನಡವೂ ಮದ್ರಾಸಿಗೆ ಸೇರಿದ್ದವು. ಅಂದರೆ ಇಂದಿನ ಕರ್ನಾಟಕದ ಒಂದು ಭಾಗ ಗ್ರಂಥಾಲಯದಲ್ಲಿ ತರಗತಿ, ಉಪನ್ಯಾಸ ನಡೆಸಬಹುದೆಂಬ ಕಾನೂನಿನ ಕೆಳಗೆ ಎಪ್ಪತ್ತು ವರ್ಷಗಳ ಹಿಂದೆಯೇ ಇತ್ತು. ನಾನು ಕೇಳುತ್ತಿರುವುದು ಹೊಸದೇನಲ್ಲ.

ಪಕ್ಕದ ಕೇರಳವನ್ನು ನೋಡಿ. 1945ರಲ್ಲಿ ಪಿ.ಎನ್. ಪಣಿಕ್ಕರ್ ಎಂಬ ಶಿಕ್ಷಕರು ನಲವತ್ತೇಳು ಗ್ರಂಥಾಲಯಗಳನ್ನು ಒಟ್ಟುಗೂಡಿಸಿ ಚಳವಳಿಯೊಂದಕ್ಕೆ ನಾಂದಿ ಹಾಡಿದರು. ಅವರು ತೀರಿಕೊಂಡ ಜೂನ್ 19 ಅಲ್ಲಿ ಓದಿನ ದಿನ. ಅಲ್ಲಿಯ ಊರ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಬಾಲವೇದಿ, ಹೆಂಗಸರಿಗೆ ವನಿತಾವೇದಿ ಇರುತ್ತವೆ. ಚರ್ಚೆ, ನಾಟಕ, ಭಾಷಣ, ಆರೋಗ್ಯದ ತಿಳಿವಳಿಕೆ ಎಲ್ಲವೂ ಆ ಗ್ರಂಥಾಲಯಗಳ ದಿನಚರಿಯಲ್ಲಿ ಸೇರಿಹೋಗಿವೆ. ಗಡಿಯಾಚೆ ಕಾಸರಗೋಡಿನಲ್ಲಿರುವ ಕನ್ನಡಿಗರನ್ನು ಕೇಳಿದರೆ ಇದನ್ನು ನನಗಿಂತ ಚೆನ್ನಾಗಿ ವಿವರಿಸಿಯಾರು.

ಇನ್ನು ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ನಮ್ಮ ಅಜ್ಜ ಅಜ್ಜಿಯರು ಅಲ್ಲಿಯ ರಸ್ತೆಗಳಿಗಿಂತ ಹೆಚ್ಚಾಗಿ ಗ್ರಂಥಾಲಯಗಳನ್ನು ಹೊಗಳುವುದನ್ನು ಕೇಳಿದ್ದೇನೆ. ಮೊಮ್ಮಗುವನ್ನು ಕಥೆಯ ಹೊತ್ತಿಗೆ ಕರೆದುಕೊಂಡು ಹೋಗಿದ್ದು, ಪಕ್ಕದ ಕೋಣೆಯಲ್ಲಿ ಹೊಸದಾಗಿ ಬಂದವರಿಗೆ ಇಂಗ್ಲಿಷ್ ಮಾತು ಕಲಿಸುತ್ತಿದ್ದುದು, ಯಾರೂ ಒಂದು ಪೈಸೆ ಕೇಳದಿದ್ದುದು. ಬಾಸ್ಟನ್ನಿನ ಸಾರ್ವಜನಿಕ ಗ್ರಂಥಾಲಯದ ಬಾಗಿಲ ಮೇಲೆ ‘ಎಲ್ಲರಿಗೂ ಉಚಿತ’ ಎಂದು ಕಲ್ಲಿನಲ್ಲಿ ಕೊರೆದಿದ್ದಾರೆ. ಹಾಗೆ ಕೊರೆಯುವ ಹಕ್ಕು ಗ್ರಂಥಾಲಯ ಕರ ಕಟ್ಟುವ ನಮಗೂ ಇದೆ.

ಉಚಿತ ಎಂಬುದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಊರಿನಲ್ಲಿ ಈಗ ಬೇಸಿಗೆ ಶಿಬಿರಗಳಿಗೆ ಕೊರತೆಯಿಲ್ಲ. ಕಥೆ, ಚಿತ್ರಕಲೆ, ರಂಗಭೂಮಿ, ಚದುರಂಗ ಎಲ್ಲವನ್ನೂ ಕಲಿಸುತ್ತಾರೆ, ಸಾವಿರಾರು ರೂಪಾಯಿ ಶುಲ್ಕ ಪಡೆಯುತ್ತಾರೆ. ಕಟ್ಟಬಲ್ಲವರು ಕಟ್ಟಲಿ. ಆದರೆ ಅದೇ ಬಡಾವಣೆಯ ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸಿನ ಮಗಳು ರಜೆಯಿಡೀ ಗೇಟಿನ ಹೊರಗೆ ಕಟ್ಟೆಯ ಮೇಲೆ ಕುಳಿತು ಅಮ್ಮನ ಕೆಲಸ ಮುಗಿಯುವುದನ್ನೇ ಕಾಯುತ್ತಾಳೆ. ಆ ಮಗು ಯಾರನ್ನೂ ಬೇಡದೆ, ಯಾರ ದಯೆಗೂ ಕಾಯದೆ, ತನ್ನದೇ ಜಾಗ ಎಂದು ಹೊಕ್ಕು ಕೂರಬಹುದಾದ ಕಟ್ಟಡ ಊರಿನಲ್ಲಿ ಯಾವುದಿದೆ? ಶಾಲೆಗೆ ರಜೆ. ಪಾರ್ಕಿನಲ್ಲಿ ಆಡಬಾರದು ಎಂಬ ಫಲಕ. ಉಳಿಯುವುದು ಗ್ರಂಥಾಲಯ ಒಂದೇ. ಅದೂ ಅವಳನ್ನು ಒಳಗೆ ಕರೆಯದಿದ್ದರೆ ಅವಳು ಹೋಗಬೇಕಾದದ್ದು ಎಲ್ಲಿಗೆ ಎಂದು ನಾನು ನಿಮ್ಮನ್ನು ಕೇಳಲೇಬೇಕಾಗಿದೆ.

ಒಂದು ಆಕ್ಷೇಪಣೆಯಲ್ಲಿ ಮಾತ್ರ ನಿಜವಾದ ತೂಕವಿದೆ. ಅದು ಪರೀಕ್ಷೆಗೆ ಓದುವವರದ್ದು. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ ಎಂದು ಬೆಳಗಿನಿಂದ ರಾತ್ರಿಯವರೆಗೆ ಕೂತು ಓದುವ ಆ ಹುಡುಗ ಹುಡುಗಿಯರಲ್ಲಿ ಹಲವರ ಮನೆಯಲ್ಲಿ ಓದಲು ಒಂದು ಮೂಲೆಯೂ ಇಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಲ್ಲೇ ಓದಿ ಇಂದು ಕಂದಾಯ ಇಲಾಖೆಯಲ್ಲಿದ್ದಾಳೆ. ಅವರಿಗೆ ಬೇಕಾದ ನಿಶ್ಶಬ್ದವನ್ನು ಕಸಿದುಕೊಂಡು ನನಗೆ ಯಾವ ಕಥೆಯ ಸಂಜೆಯೂ ಬೇಡ. ಹಾಗೆಂದು ಒಬ್ಬರ ಹಕ್ಕಿಗಾಗಿ ಇನ್ನೊಬ್ಬರನ್ನು ಹೊರಗಿಡಬೇಕೇ? ಎಷ್ಟೋ ಶಾಖೆಗಳಿಗೆ ಅಂಗಳವಿದೆ, ಮಹಡಿಯಿದೆ, ಹಳೆಯ ಪತ್ರಿಕೆಗಳನ್ನು ತುಂಬಿಟ್ಟ ಕೋಣೆಯಿದೆ. ಅದನ್ನು ತೆರವು ಮಾಡಿ. ಅದೂ ಇಲ್ಲದ ಕಡೆ ಪಕ್ಕದ ಸರ್ಕಾರಿ ಶಾಲೆಯ ಕೋಣೆಯನ್ನು ವಾರಕ್ಕೆರಡು ಗಂಟೆ ಪಡೆಯಿರಿ. ಇಲಾಖೆ ಇಲಾಖೆಗಳ ನಡುವೆ ಒಂದು ಪತ್ರ ಓಡಾಡಿದರೆ ಆಗುವ ಕೆಲಸ. ಯಾವ ದಿನ, ಯಾವ ಹೊತ್ತು ಎಂಬುದನ್ನು ಬಾಗಿಲ ಬಳಿ ದೊಡ್ಡದಾಗಿ ಬರೆದು ಹಾಕಿದರೆ ಓದುವವರೂ ಅದಕ್ಕೆ ಹೊಂದಿಸಿಕೊಳ್ಳುತ್ತಾರೆ. ಇನ್ನೂ ಒಂದು ಮಾತು. ಆ ಹುಡುಗರಲ್ಲೇ ಕೆಲವರು ವಾರಕ್ಕೊಮ್ಮೆ ಮಕ್ಕಳಿಗೆ ಗಣಿತ ಹೇಳಿಕೊಡಲು ಮುಂದೆ ಬಂದಾರು. ಕೇಳಿದವರಿಲ್ಲ ಅಷ್ಟೇ.

ಹಣದ ವಿಷಯ ಬೇಗ ಮುಗಿಸುತ್ತೇನೆ. ಜಮಖಾನೆ, ಕುಡಿಯುವ ನೀರು, ನಾಲ್ಕು ಬಣ್ಣದ ಪೆನ್ಸಿಲ್ ಪೊಟ್ಟಣ, ದೂರದಿಂದ ಬಂದವರಿಗೆ ಬಸ್ ಖರ್ಚು. ಇದಕ್ಕೆ ದೊಡ್ಡ ಅನುದಾನ ಬೇಡ, ಪ್ರತಿ ತಿಂಗಳೂ ತಪ್ಪದೆ ಬರುವ ಸಣ್ಣ ಮೊತ್ತ ಬೇಕು. ಸ್ಥಳೀಯ ಸಂಸ್ಥೆಗಳು ನಮ್ಮಿಂದ ವಸೂಲು ಮಾಡಿದ ಗ್ರಂಥಾಲಯ ಕರವನ್ನು ಗ್ರಂಥಾಲಯಗಳಿಗೆ ವರ್ಗಾಯಿಸದೆ ಬಾಕಿ ಉಳಿಸಿಕೊಂಡಿವೆ ಎಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಪ್ರಾಧಿಕಾರಗಳ ಅಧ್ಯಕ್ಷರೇ, ಇದು ನಿಮಗೆ ಹೇಳಿದ ಮಾತು. ನಾವು ಪುಸ್ತಕದ ಹೆಸರಿನಲ್ಲಿ ಕಟ್ಟಿದ ಹಣ ಬೇರೆ ಖರ್ಚಿಗೆ ಹೋಗುವುದು ಅನ್ಯಾಯ. ಕೇಂದ್ರ ಸರ್ಕಾರದ ಕಡೆಯಿಂದ ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನವೂ 1972ರಿಂದ ನೆರವು ಕೊಡುತ್ತ ಬಂದಿದೆ. ಅದನ್ನು ಪೂರ್ತಿಯಾಗಿ ಬಳಸಿಕೊಳ್ಳಿ.

ಆ ಸಂಜೆಗಳಲ್ಲಿ ಏನು ನಡೆಯಬೇಕು ಎಂದು ಬೆಂಗಳೂರಿನಿಂದ ಪಟ್ಟಿ ಕಳಿಸಬೇಡಿ. ಊರೂರಿಗೂ ಅದರದೇ ಸಂಪತ್ತಿದೆ. ಶಿವಮೊಗ್ಗದ ಕಡೆ ಗಮಕದ ಪರಂಪರೆ ಇನ್ನೂ ಜೀವಂತವಾಗಿದೆ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಸಂಭ್ರಮಪಟ್ಟೆವು. ಆದರೆ ಕುಮಾರವ್ಯಾಸನನ್ನು ಒಬ್ಬರು ಹಾಡಿ ಇನ್ನೊಬ್ಬರು ಅರ್ಥ ಬಿಡಿಸಿ ಹೇಳುವುದನ್ನು ನಮ್ಮ ಪಟ್ಟಣದ ಮಕ್ಕಳು ಕೇಳಿಯೇ ಇಲ್ಲ. ನಾನು ತರಗತಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ, ಹಳಗನ್ನಡದ, ನಡುಗನ್ನಡದ ಪದ್ಯ ಕಷ್ಟ ಎಂದು ಮುಖ ಕಿವಿಚುವ ಹುಡುಗ, ಅದನ್ನೇ ರಾಗವಾಗಿ ಹಾಡಿದರೆ ನೆಟ್ಟಗೆ ಕೂರುತ್ತಾನೆ. ಕರಾವಳಿಯ ಶಾಖೆಯಲ್ಲಿ ತಾಳಮದ್ದಳೆ ಆಗಲಿ. ಬಯಲುಸೀಮೆಯಲ್ಲಿ ತತ್ವಪದ, ಜನಪದ ಕಥೆ ಆಗಲಿ. ಊರಿನ ಹಳೆಯ ಫೋಟೋ, ಪತ್ರ, ಮದುವೆ ಕರೆಯೋಲೆಗಳನ್ನು ಜನ ತಂದು ತೋರಿಸಿ ಅವುಗಳ ಕಥೆ ಹೇಳುವ ದಿನವೊಂದಿರಲಿ. ಊರಿನ ಚರಿತ್ರೆ ಹಾಗೆಯೇ ಸಂಗ್ರಹವಾಗುತ್ತದೆ.

ಹಾಡು, ಕಥೆ ಅಷ್ಟೇ ಸಾಲದು. ಮೊಬೈಲಿನಲ್ಲಿ ಹಣ ಕಳಿಸುವುದನ್ನು ಕಲಿತ ಹಿರಿಯರಿಗೆ ಮೋಸದ ಕರೆಯನ್ನು ಗುರುತಿಸುವುದನ್ನೂ ಕಲಿಸಬೇಕು. ವಿದ್ಯಾರ್ಥಿವೇತನದ ಅರ್ಜಿ ತುಂಬಲು ಸೈಬರ್ ಸೆಂಟರಿನಲ್ಲಿ ದುಡ್ಡು ತೆರುವ ಮಕ್ಕಳಿಗೆ ಗ್ರಂಥಾಲಯದ ಕಂಪ್ಯೂಟರ್ ಸಿಗಬೇಕು. ಕಟ್ಟಡದ ಕೆಲಸಕ್ಕೆಂದು ಬಿಹಾರ, ಒಡಿಶಾಗಳಿಂದ ಬಂದವರಿಗೆ ಕನ್ನಡ ಮಾತು ಕಲಿಸುವ ಸಂಜೆಯಿದ್ದರೆ ಎಷ್ಟು ಚೆನ್ನ! ಕನ್ನಡ ಉಳಿಯಬೇಕು ಎಂದು ನವೆಂಬರ್‌ನಲ್ಲಿ ಭಾಷಣ ಮಾಡುವ ನಾವು ಕಲಿಯಲು ಸಿದ್ಧರಿರುವವರಿಗೆ ಒಂದು ಬೆಂಚು ಹಾಕಿಕೊಡಬೇಡವೇ? 2020ರಲ್ಲಿ ಶುರುವಾದ ನಿಮ್ಮ ಡಿಜಿಟಲ್ ಗ್ರಂಥಾಲಯವನ್ನು ನಾನೂ ಬಳಸುತ್ತೇನೆ, ಅದು ಒಳ್ಳೆಯ ಕೆಲಸ. ಆದರೆ ಅದನ್ನು ಬಳಸುವುದು ಹೇಗೆಂದು ತೋರಿಸಿಕೊಡಲಾದರೂ ಪಕ್ಕದಲ್ಲಿ ಒಬ್ಬ ಮನುಷ್ಯ ಕೂರಬೇಕಲ್ಲ.

ಇದನ್ನೆಲ್ಲ ನಡೆಸುವವರು ಯಾರು ಎಂದರೆ, ನಾವೇ. ನಿವೃತ್ತ ಶಿಕ್ಷಕರು, ಬ್ಯಾಂಕಿನಲ್ಲಿದ್ದವರು, ದಾದಿಯರು, ವಕೀಲರು, ಕಾಲೇಜು ಹುಡುಗಿಯರು ಪ್ರತಿ ಊರಿನಲ್ಲೂ ಇದ್ದಾರೆ. ಎಷ್ಟೋ ಶಾಖೆಗಳಲ್ಲಿ ಒಬ್ಬರೇ ಸಿಬ್ಬಂದಿ ಇರುವಾಗ ಅವರ ತಲೆಯ ಮೇಲೆ ಇನ್ನೊಂದು ಹೊರೆ ಹೇರುವುದು ನನ್ನ ಉದ್ದೇಶವಲ್ಲ. ಖಾಲಿ ಹುದ್ದೆಗಳನ್ನು ತುಂಬುವುದು ನಿಮ್ಮ ಕರ್ತವ್ಯ, ಅದನ್ನು ಸ್ವಯಂಸೇವಕರ ಹೆಸರಿನಲ್ಲಿ ಮುಂದೂಡಬೇಡಿ. ಆ ಸಂಜೆಯ ಕೆಲಸವನ್ನು ಮಾತ್ರ ನಾವು ಹೊರುತ್ತೇವೆ.

ಸುತ್ತೋಲೆಯಲ್ಲಿ ಕೆಲವು ಕಟ್ಟುಪಾಡುಗಳನ್ನು ಹಾಕಿ. ಶುಲ್ಕ, ದೇಣಿಗೆ, ಮಾರಾಟ ಯಾವುದೂ ಕೂಡದು. ಕೋಚಿಂಗ್ ಸೆಂಟರಿನವರು ಉಚಿತ ಉಪನ್ಯಾಸದ ಹೆಸರಿನಲ್ಲಿ ಜಾಹೀರಾತು ಹಂಚಬಾರದು. ಪಕ್ಷದ, ಜಾತಿಯ ಸಭೆಗಳಿಗೆ ಅವಕಾಶವಿರಬಾರದು. ಮಕ್ಕಳ ಕಾರ್ಯಕ್ರಮದಲ್ಲಿ ಯಾವಾಗಲೂ ಇಬ್ಬರು ವಯಸ್ಕರು ಇರಬೇಕು. ಶಾಲು, ಹಾರ ಬೇಡ. ಹೆಣ್ಣುಮಕ್ಕಳು ಸಂಜೆ ಬಂದು ಕೂರಬೇಕಾದರೆ ಬೀದಿದೀಪ ಉರಿಯಬೇಕು, ಬೀಗ ಹಾಕದ ಶೌಚಾಲಯ ಇರಬೇಕು. ಗಂಡಸರು ಕುಳಿತು ಬರೆಯುವ ಯೋಜನೆಗಳಲ್ಲಿ ಇದು ಬಿಟ್ಟುಹೋಗುತ್ತದೆ. ಮಹಡಿಯ ಮೇಲಿರುವ ಶಾಖೆಗಳಿಗೆ ಮಂಡಿನೋವಿನವರೂ ಗಾಲಿಕುರ್ಚಿಯವರೂ ಹತ್ತಲಾರರು, ಅವರಿಗಾಗಿ ನೆಲಮಹಡಿಯ ಜಾಗವೊಂದನ್ನು ಗುರುತಿಸಿ.

ಎಲ್ಲ ಕಡೆ ಒಮ್ಮೆಗೇ ಆಗುವುದಿಲ್ಲ ಎಂದು ನಿಮ್ಮ ಕಚೇರಿ ಹೇಳಬಹುದು, ಒಪ್ಪುತ್ತೇನೆ. ಜಿಲ್ಲೆಗೆ ಒಂದು ಶಾಖೆಯಿಂದ ಶುರುಮಾಡಿ. ಮುಂದಿನ ಗ್ರಂಥಾಲಯ ಸಪ್ತಾಹದೊಳಗೆ ಸುತ್ತೋಲೆ ಹೊರಡಲಿ. ಅದರಲ್ಲಿ ಗ್ರಂಥಪಾಲಕರಿಗೆ ಅಧಿಕಾರ ಕೊಟ್ಟಿರುವುದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಬರೆಯಿರಿ, ಪ್ರತಿಯನ್ನು ಶಾಖೆಯ ಸೂಚನಾ ಫಲಕಕ್ಕೆ ಹಾಕಿಸಿ. ಯಾವ ಶಾಖೆಯನ್ನು ಆರಿಸುತ್ತೀರೋ ಆ ಊರಿನಲ್ಲಿ ಕಾರ್ಯಕ್ರಮ ನಡೆಸಿಕೊಡಬಲ್ಲವರ ಹೆಸರುಗಳನ್ನು ಅಲ್ಲಿಯ ಓದುಗರೇ ಬರೆದುಕೊಡಲಿ. ನಮ್ಮ ಊರಿನ ಪಟ್ಟಿಯನ್ನು ನಾವು ಕೆಲವರು ಕೂತು ಆಗಲೇ ಸಿದ್ಧಪಡಿಸಿದ್ದೇವೆ. ಕಥೆ ಹೇಳುವವರು, ಗಮಕಿಗಳು, ಒಬ್ಬ ವೈದ್ಯೆ, ಒಬ್ಬ ವಕೀಲರು, ಕಂಪ್ಯೂಟರ್ ಕಲಿಸಲು ಇಬ್ಬರು ಇಂಜಿನಿಯರಿಂಗ್ ವಿದ್ಯಾರ್ಥಿನಿಯರು ಅದರಲ್ಲಿದ್ದಾರೆ. ನಿಮ್ಮ ಸುತ್ತೋಲೆ ಬಂದ ವಾರವೇ ಆ ಪಟ್ಟಿಯನ್ನು ಗ್ರಂಥಪಾಲಕರ ಕೈಗೆ ಕೊಡುತ್ತೇವೆ.

ವಂದನೆಗಳೊಂದಿಗೆ,
ನಿವೃತ್ತ ಕನ್ನಡ ಶಿಕ್ಷಕಿ ಮತ್ತು ಗ್ರಂಥಾಲಯದ ಸದಸ್ಯೆ